ಹೆಸರಿಲ್ಲದ ದಬ್ಬೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಬಿದಿರು ಹೆಚ್ಚಿತ್ತು. ಪಡಸಾಲೆಯ ಗೋಡೆಗೆ ಒರಗಿಸಿದ ಬಿದಿರು, ಜಂತೆಯ ಕೆಳಗೆ ತೂಗುಬಿಟ್ಟ ಬಿದಿರು, ಹಿತ್ತಿಲ ಬಾನಿಯಲ್ಲಿ ನೆನೆಹಾಕಿದ ಬಿದಿರು. ಮಲಗಿದರೆ ಕಾಲು ಚಾಚಲು ಜಾಗ ಹುಡುಕಬೇಕು. ಸಂಡೂರಿನ ಗುಡ್ಡದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಹಸಿ ಬಿದಿರನ್ನು ಸೀಳಿ ದಬ್ಬೆ ಮಾಡುವುದು, ಆ ದಬ್ಬೆಗಳಿಂದ ಬುಟ್ಟಿಯ ಹಾಗೆ ದುಂಡನೆಯ ದೋಣಿ ಹೆಣೆಯುವುದು, ಅದರ ಹೊಟ್ಟೆಗೆ ಎಮ್ಮೆಯ ಚರ್ಮ ಹೊಲಿದು ಹೊಳೆಗಿಳಿಸಿ ಜನರನ್ನು ದಾಟಿಸುವುದು, ಇದು ನಮ್ಮ ಮನೆಯ ಕಸುಬು. ಓದಿದವರು ಅದಕ್ಕೆ ಹರಿಗೋಲು ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಪುಟ್ಟಿ. ಕಂಪ್ಲಿಯ ಕೋಟೆಯ ಕೆಳಗೆ, ತುಂಗಭದ್ರೆಯ ದಂಡೆಗೆ ಹತ್ತಿಕೊಂಡೇ ನಮ್ಮ ಮನೆ. ಮಳೆಗಾಲದಲ್ಲಿ ಹೊಳೆ ಏರಿ ಬಂದರೆ ಹೊಸ್ತಿಲ ತನಕ ಬಂದು ಒಳಗೆ ಇಣುಕಿ ಹೋಗುತ್ತಿತ್ತು. ಆ ಹೊಳೆ ಒಂದು ಕಾಲಕ್ಕೆ ಬರೀ ಹೊಳೆಯಲ್ಲ, ಗಡಿ. ಈಚೆ ದಂಡೆ ಕುಂಪಣಿ ಸೀಮೆ, ಆಚೆ ದಂಡೆ ನಿಜಾಮರ ಸೀಮೆ. ನಮ್ಮವರ ಬಾಯಲ್ಲಿ ಅದು ಮೊಗಲಾಯಿ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಸರ್ಕಾರಗಳೆಲ್ಲ ಮುಗಿದು ಎರಡೂ ದಂಡೆ ಒಂದೇ ನಾಡಾಗಿದ್ದವು. ಆದರೆ ನಮ್ಮ ತಾತನಿಗೆ ಅದು ಗೊತ್ತಿದ್ದರೂ ಒಪ್ಪಿಗೆ ಇರಲಿಲ್ಲ. ಆಚೆ ದಂಡೆಯವರು ಯಾರಾದರೂ ಊಟಕ್ಕೆ ಕೂತರೆ, "ನಿಮ್ಮ ಸರ್ಕಾರದಾಗ ಮಳಿ ಹೆಂಗೈತ್ರಿ?" ಎಂದೇ ಕೇಳುತ್ತಿದ್ದ.

ಹೊಳೆ ದಾಟಿಸುವ ಮನೆಯಾದ್ದರಿಂದ ನಮ್ಮಲ್ಲಿ ಒಲೆ ಆರುವುದೇ ಅಪರೂಪ. ಹೊಳೆ ಜೋರು ಬಂದು ಪುಟ್ಟಿ ನಿಂತರೆ ದಾಟಬೇಕಾದವರೆಲ್ಲ ನಮ್ಮ ಪಡಸಾಲೆಯಲ್ಲೇ. ಅವ್ವ ಸಜ್ಜೆರೊಟ್ಟಿ ಬಡಿದೂ ಬಡಿದೂ ಅಂಗೈ ಕೆಂಪು ಮಾಡಿಕೊಳ್ಳುತ್ತಿದ್ದಳು. ಪುಂಡಿಸೊಪ್ಪಿನ ಪಲ್ಯ, ಗುರೆಳ್ಳು ಚಟ್ನಿ, ಅಪ್ಪನ ಬಲೆಗೆ ಬಿದ್ದರೆ ಮೀನಿನ ಸಾರು. ಅಪ್ಪ ಹುಟ್ಟು ಹಾಕಿ ಪುಟ್ಟಿ ನಡೆಸುವವನು, ಮಾತು ಕಡಿಮೆ. ತಾತ ಹೆಣೆಯುವವನು, ಮಾತು ಇನ್ನೂ ಕಡಿಮೆ. ಮನೆಯ ಮಾತನ್ನೆಲ್ಲ ಆಡುತ್ತಿದ್ದವಳು ಅಪ್ಪನ ತಂಗಿ, ನನ್ನ ಗಂಗತ್ತೆ. ಅವಳು ಆಡಿ ಉಳಿದದ್ದನ್ನು ನಾನು ಆಡುತ್ತಿದ್ದೆ.

ಪುಟ್ಟಿ ಹೆಣೆಯುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಬುಡಕ್ಕೆ ಇಪ್ಪತ್ನಾಲ್ಕು ಉದ್ದ ದಬ್ಬೆಗಳು. ಒಂದೊಂದು ದಬ್ಬೆಗೂ ಮನೆಯವರಲ್ಲಿ ಒಬ್ಬರ ಹೆಸರು. ಹೆಣೆಯುವವನು ಕೈಯಲ್ಲಿ ದಬ್ಬೆ ಹಿಡಿದು ಕಾಯುತ್ತಾನೆ. ಪಕ್ಕದಲ್ಲಿ ನಿಂತವರು ಹೆಸರು ಕೂಗಬೇಕು. ಕೂಗಿದ ಮೇಲೆಯೇ ದಬ್ಬೆ ನೆಲಕ್ಕೆ. ಮೊದಲು ತೀರಿಹೋದ ಹಿರಿಯರು, ಆಮೇಲೆ ಇದ್ದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಕಡೆಗೆ ತೊಟ್ಟಿಲ ಕೂಸು. ಮನೆಯಲ್ಲಿ ಹೊಸ ಕೂಸು ಹುಟ್ಟಿದರೆ ಮೇಲಿನ ಹಿರಿಯರಲ್ಲಿ ಒಬ್ಬರ ಹೆಸರು ಬಿಟ್ಟುಹೋಗುತ್ತಿತ್ತು, ಯಾಕೆಂದರೆ ದಬ್ಬೆ ಇಪ್ಪತ್ನಾಲ್ಕೇ. ಹೀಗೇಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ತಾತ ಒಂದೇ ಮಾತು ಹೇಳಿದ.

"ನಡು ಹೊಳ್ಯಾಗ ಸುಳಿ ಬಂದಾಗ ದೇವರು ನೆನಪಾಗಂಗಿಲ್ಲ. ಕಾಲ ಕೆಳಗ ಮನಿ ಮಂದಿ ಅದಾರ ಅನ್ನೋದು ನೆನಪಾಗ್ತೈತಿ."

ಕೂಗುವ ಕೆಲಸ ಮೊದಲು ಗಂಗತ್ತೆಯದಾಗಿತ್ತು. ನನಗೆ ಐದೋ ಆರೋ ವರ್ಷವಾದಾಗ ಅದನ್ನು ನನಗೆ ಕಲಿಸಿಕೊಟ್ಟಳು. ಎದೆಯಿಂದ ಉಸಿರು ತೆಗಿ, ಆಚೆ ದಂಡೆಯ ಕತ್ತೆ ಕಿವಿ ನಿಮಿರಿಸಬೇಕು, ಹಂಗ ಕೂಗು ಎನ್ನುತ್ತಿದ್ದಳು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಆ ಇಪ್ಪತ್ನಾಲ್ಕು ಹೆಸರು ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿದ್ದವು. ಹದಿನೇಳನೆಯದು ಗಂಗಮ್ಮ. ಅವಳ ಹೆಸರು ಬಂದಾಗ ನಾನು ಬೇಕೆಂದೇ ಇನ್ನಷ್ಟು ಎಳೆದು ಕೂಗುತ್ತಿದ್ದೆ, ಅವಳು ಒಳಗಿನಿಂದಲೇ, "ಕಿವಿ ಹರೀತೈತಲೇ, ಸತ್ತಿಲ್ಲ ನಾನು" ಎನ್ನುತ್ತಿದ್ದಳು. ಹೆಣೆದ ಮೇಲೆ ಚರ್ಮ ಹೊಲಿಯುವ ಕೆಲಸ ಹೆಂಗಸರದು. ಅದರಲ್ಲಿ ಗಂಗತ್ತೆಯ ಕೈ ಬಲು ಚುರುಕು. ಅವಳು ಹೊಲಿದ ಪುಟ್ಟಿಯೊಳಗೆ ಒಂದು ಹನಿ ನೀರು ಬಂದರೆ ಕೇಳು ಎಂದು ಅಪ್ಪನೇ ಹೇಳುತ್ತಿದ್ದ.

ಚರ್ಮ ತರುತ್ತಿದ್ದವನು ದುರುಗಪ್ಪ. ಆಚೆ ದಂಡೆಯಲ್ಲಿ ಚರ್ಮ ಹದ ಮಾಡುವವರ ಕೇರಿಯ ಹುಡುಗ. ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ ಹದ ಮಾಡಿದ ಚರ್ಮವನ್ನು ಸುತ್ತಿ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಬಂದವನು ಮುಂಬಾಗಿಲಿಗೆ ಬರುವಂತಿರಲಿಲ್ಲ. ಹಿತ್ತಿಲ ಗೋಡೆಯಾಚೆ ನಿಲ್ಲಬೇಕು, ಚರ್ಮವನ್ನು ಗೋಡೆಯ ಮೇಲಿಡಬೇಕು. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು, ನಾವು ಮೇಲಿನಿಂದ ಹೊಯ್ಯಬೇಕು. ಆ ಚರ್ಮದ ಮೇಲೆ ನಾವು ಕೂರುತ್ತಿದ್ದೆವು, ಆ ಚರ್ಮದಲ್ಲೇ ಊರಿನ ಎಲ್ಲ ಜಾತಿಯ ಜನರನ್ನೂ ದಾಟಿಸುತ್ತಿದ್ದೆವು, ಅದನ್ನು ಹೊತ್ತು ತಂದ ಕೈಗೆ ಮಾತ್ರ ತಂಬಿಗೆ ಮುಟ್ಟಿಸುತ್ತಿರಲಿಲ್ಲ. ಮಕ್ಕಳಾದ ನಮಗೆ ಅದು ವಿಚಿತ್ರ ಎನಿಸಿರಲಿಲ್ಲ; ಗೋಡೆ ಇರುವುದೇ ಹಾಗೆ ಎಂದುಕೊಂಡಿದ್ದೆವು. ನೀರು ಹೊಯ್ಯುವವಳು ಗಂಗತ್ತೆ. ಆ ವರ್ಷ ದುರುಗಪ್ಪನ ಬಾಯಾರಿಕೆ ದಿನದಿಂದ ದಿನಕ್ಕೆ ಹೆಚ್ಚಾಯಿತು. ಒಂದು ತಂಬಿಗೆ ಎರಡಾಯಿತು, ಎರಡು ನಾಲ್ಕಾಯಿತು. ಅವ್ವ ಒಲೆಯ ಮುಂದೆ ಕೂತೇ ಒಂದು ದಿನ ಹೇಳಿದಳು.

"ಗಂಗಾ, ಆ ಹುಡುಗನ ಹೊಟ್ಯಾಗ ಕೆರಿ ಏನರ ಐತೇನು?"

ಗಂಗತ್ತೆ ನಕ್ಕಳು. ಅವ್ವ ನಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವಳು ಹೋದಳು. ಕದ್ದು ಮುಚ್ಚಿ ಹೋಗಲಿಲ್ಲ. ಸಂತೆಯ ದಿನ, ನಡು ಮಧ್ಯಾಹ್ನ, ದಂಡೆಯ ತುಂಬ ಜನ. ಅಪ್ಪ ಊಟಕ್ಕೆ ಕೂತಿದ್ದ. ಅಂಥ ಹೊತ್ತಿನಲ್ಲಿ ಗಂಗತ್ತೆ ಹುಟ್ಟು ಹಿಡಿದು ಒಂದು ಸುತ್ತು ಹೋಗಿಬರುವುದು ರೂಢಿ. ದುರುಗಪ್ಪ ಚರ್ಮ ಕೊಟ್ಟು ವಾಪಸು ಹೊರಟಿದ್ದ. ಅವನ ಜೊತೆ ಬೇರೆ ಯಾರೂ ಹತ್ತುತ್ತಿರಲಿಲ್ಲ, ಪುಟ್ಟಿಯಲ್ಲಿ ಅವರಿಬ್ಬರೇ. ಮರಳಿಗೆ ಕಚ್ಚಿದ್ದ ಪುಟ್ಟಿಯನ್ನು ಅಂಚು ಹಿಡಿದು ನೀರಿಗೆ ದೂಡಿದವನು ನಮ್ಮ ತಾತನೇ. "ಜಲ್ದಿ ಬಾ, ಮಂದಿ ಕಾಯಾಕತ್ತಾರ" ಎಂದು ಹೇಳಿಯೂ ಹೇಳಿದ. ಗಂಗತ್ತೆ ತಿರುಗಿ ನೋಡದೆ ಹುಟ್ಟು ಹಾಕಿದಳು. ಸಂಜೆಯ ಹೊತ್ತಿಗೆ ಆ ಪುಟ್ಟಿಯನ್ನು ಯಾರೋ ಈಚೆಗೆ ತಂದು ಕಟ್ಟಿದರು. ಅವಳು ಬರಲಿಲ್ಲ. ಮಗಳು ಹೋದದ್ದಕ್ಕಿಂತಲೂ, ತನ್ನ ಕೈಯಾರೆ ದೂಡಿ ಕಳಿಸಿದೆ ಎಂಬುದೇ ತಾತನನ್ನು ತಿಂದಿತು ಎಂದು ನನಗೆ ಈಗ ಅನಿಸುತ್ತದೆ. ಊರವರು ಅದನ್ನು ಹೇಳಿ ನಗುತ್ತಿದ್ದರು ಕೂಡ. ಅವನು ಯಾರಿಗೂ ಎದುರು ಮಾತಾಡಲಿಲ್ಲ. ಆಚೆ ದಂಡೆಗೆ ಹುಡುಕಿಕೊಂಡು ಹೋಗಲೂ ಇಲ್ಲ. ಬೇರೆ ಸರ್ಕಾರ ಎಂದು ಕೂತುಬಿಟ್ಟ.

ಮುಂದಿನ ಬೇಸಿಗೆಗೆ ಹೊಸ ಪುಟ್ಟಿಯ ಕೆಲಸ ಶುರುವಾಯಿತು. ಅಂಗಳ ಸಾರಿಸಿ, ಬಿದಿರಿಗೆ ಅರಿಶಿನ ಹಚ್ಚಿ, ತಾತ ಕುಕ್ಕರುಗಾಲಲ್ಲಿ ಕೂತ. ನಾನು ಪಕ್ಕದಲ್ಲಿ ನಿಂತು ಕೂಗತೊಡಗಿದೆ. ಯಾರೂ ನನಗೆ ಏನನ್ನೂ ಹೇಳಿರಲಿಲ್ಲ. ಹದಿನಾರು ಆಯಿತು, ನಾಲಿಗೆ ತನ್ನ ಪಾಡಿಗೆ ತಾನು ಹದಿನೇಳಕ್ಕೆ ಹೋಯಿತು. ಗಂಗಮ್ಮ ಎಂದು, ಎಂದಿನಂತೆ ಎಳೆದು, ಆಚೆ ದಂಡೆಗೆ ಕೇಳುವ ಹಾಗೆ ಕೂಗಿದೆ. ತಾತನ ಕೈಯಲ್ಲಿದ್ದ ದಬ್ಬೆ ಅಲ್ಲೇ ನಿಂತಿತು. ಅವನು ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅದನ್ನು ಕೆಳಗಿಟ್ಟು, ಹಾಕಿದ್ದ ಹದಿನಾರನ್ನೂ ಒಂದೊಂದಾಗಿ ಬಿಚ್ಚತೊಡಗಿದ. ಬಿಚ್ಚುವುದಕ್ಕೆ ಹೆಣೆದಷ್ಟೇ ಹೊತ್ತು ಹಿಡಿಯಿತು. ಬಿಸಿಲು ನೆತ್ತಿಗೆ ಬಂತು, ನಾನು ನಿಂತೇ ಇದ್ದೆ, ಕೂರು ಎಂದು ಯಾರೂ ಅನ್ನಲಿಲ್ಲ. ಎಲ್ಲ ಬಿಚ್ಚಿ ಮುಗಿದ ಮೇಲೆ ಮೊದಲ ದಬ್ಬೆ ಕೈಗೆತ್ತಿಕೊಂಡು ಹೇಳಿದ.

"ಮೊದಲಿಂದ ಕೂಗು. ಆ ಜಾಗಕ್ಕ ಬಂದಾಗ ಬಾಯಿ ಮುಚ್ಚು."

ಆ ಜಾಗಕ್ಕೆ ಬೇರೆ ಹೆಸರು ಹಾಕಬಹುದಿತ್ತು. ಹಿರಿಯರಲ್ಲಿ ಬಿಟ್ಟುಹೋದವರು ಬೇಕಾದಷ್ಟು ಮಂದಿ ಇದ್ದರು. ಅವನು ಹಾಕಲಿಲ್ಲ. ಹದಿನೇಳನೆಯ ದಬ್ಬೆಯನ್ನು ಹೆಸರಿಲ್ಲದೆ ಹಾಕಿದ. ಅಂದು ಊಟಕ್ಕೆ ಕೂತಾಗ, ಯಾವತ್ತೂ ಮಾವನ ಎದುರು ತಲೆ ಎತ್ತದ ನಮ್ಮವ್ವ ರೊಟ್ಟಿ ತಂದವಳು ತಟ್ಟೆಗೆ ಹಾಕದೆ ನಿಂತಳು.

"ಆ ಹುಡುಗ ಹದ ಮಾಡಿದ ಚರ್ಮದ ಮ್ಯಾಲೆ ಕುಂತು ದಿನಾ ಹೊಳಿ ದಾಟ್ತೀರಿ. ಅವನ ಕೂಡ ಹೋದಾಕಿ ಹೆಸರು ಕೇಳಿದ್ರ ಮೈಲಿಗಿ ಆಕ್ಕತೇನ್ರಿ ಮಾವ?"

"ರೊಟ್ಟಿ ಹಾಕು" ಎಂದ ತಾತ.

"ಕೂಸು ಬಿಸಿಲಾಗ ಅರ್ಧ ದಿನ ನಿಂತೈತಿ. ಅದೇನ್ ತಪ್ಪು ಮಾಡೇತಿ?"

ತಾತ ತಟ್ಟೆ ಸರಿಸಿ ಎದ್ದುಹೋದ. ಅಪ್ಪ ತಲೆ ಬಗ್ಗಿಸಿ ಉಂಡ. ಅವ್ವ ಆ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು, ಮೇಲೆ ಒಂದು ಹಿಡಿ ಬೆಲ್ಲ ಇಟ್ಟಳು. ಆ ಬೆಲ್ಲ ತಿನ್ನುತ್ತಾ ನಾನು ಎರಡು ಸಂಗತಿ ಕಲಿತೆ: ಅವ್ವನಿಗೂ ಬಾಯಿ ಇದೆ ಎಂಬುದು ಒಂದು, ಬಾಯಿ ಇದ್ದರೂ ಅವಳ ಮಾತು ನಡೆಯುವುದಿಲ್ಲ ಎಂಬುದು ಇನ್ನೊಂದು. ಮುಂದೆ ಜೀವನವಿಡೀ ಮೀನಿನ ಬುಟ್ಟಿ ಹೊತ್ತು ಓಣಿ ಓಣಿ ಕೂಗಿ ಮಾರಿದವಳು ನಾನು. ಹೊಸಪೇಟೆಯ ಸಂತೆಯಲ್ಲೂ ನನ್ನ ಗಂಟಲಿಗೆ ಹೆದರಿ ಗಿರಾಕಿ ಬರುತ್ತಿದ್ದರು. ಆದರೆ ಪ್ರತಿ ಬೇಸಿಗೆ ಪುಟ್ಟಿ ಹೆಣೆಯುವಾಗ ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ ಒಂದು ಉಸಿರು ನುಂಗುತ್ತಿದ್ದೆ. ನನ್ನ ತಮ್ಮ ಪಂಪಾಪತಿ ನನಗಿಂತ ನಾಲ್ಕು ವರ್ಷ ಚಿಕ್ಕವನು. ಹೆಣೆಯುವ ವಿದ್ಯೆ ತಾತನಿಂದ ಅವನಿಗೆ ಬಂತು, ಜೊತೆಗೆ ಒಂದು ಮಾತೂ ಬಂತು. ತಾತ ಹಾಸಿಗೆ ಹಿಡಿದಾಗ ಅವನ ಕೈ ಹಿಡಿದುಕೊಂಡು, ಆ ದಬ್ಬೆಗೆ ಹೆಸರು ಹಾಕುವುದಿಲ್ಲ ಎಂದು ಅವನ ಬಾಯಿಂದ ಹೇಳಿಸಿಕೊಂಡೇ ಕಣ್ಣು ಮುಚ್ಚಿದ.

ಆಮೇಲೆ ಸೇತುವೆ ಬಂತು, ಬಸ್ಸು ಬಂತು, ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು. ಪಂಪಾಪತಿ ಮೀನುಗಾರರಿಗೆ, ಹಂಪಿಯ ಕಡೆ ಪ್ರವಾಸಿಗರನ್ನು ಕೂರಿಸುವವರಿಗೆ ವರ್ಷಕ್ಕೆ ಒಂದೆರಡು ಪುಟ್ಟಿ ಹೆಣೆದುಕೊಡುತ್ತಿದ್ದ. ಗಂಗತ್ತೆ ಎಲ್ಲಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಕಾಲುವೆ ನೀರು ಬಂದು ಈಚೆ ದಂಡೆಯ ಮೆಟ್ರಿಯ ಹೊಲಗಳೆಲ್ಲ ಗದ್ದೆಯಾದಾಗ ಅವಳೂ ದುರುಗಪ್ಪನೂ ಕೂಲಿಗೆಂದು ಆಚೆ ದಂಡೆ ಬಿಟ್ಟು ಅಲ್ಲಿಗೆ ಬಂದು ನೆಲೆಸಿದರು. ನಮ್ಮ ಕಂಪ್ಲಿಯಿಂದ ಮೆಟ್ರಿಗೆ ಬಸ್ಸು ಹತ್ತಿದರೆ ಒಂದು ಎಲೆಯಡಿಕೆ ಮುಗಿಯುವುದರೊಳಗೆ ಇಳಿಯಬಹುದು. ಮದುವೆಯಾದ ಹೊಸದರಲ್ಲಿ ನಾನೂ ಒಂದು ವರ್ಷ ಅಲ್ಲಿಗೆ ಭತ್ತ ನಾಟಿ ಮಾಡಲು ಹೋಗಿದ್ದೆ. ಕೆಸರಲ್ಲಿ ಬಗ್ಗಿದ ಸಾಲಿನಲ್ಲಿ ಒಬ್ಬಳು ನನ್ನ ದನಿ ಕೇಳಿ ತಲೆ ಎತ್ತಿದಳು. ಮಧ್ಯಾಹ್ನ ಬದುವಿನ ಮೇಲೆ ಕೂತು ಅವಳ ಬುತ್ತಿಯ ಅರ್ಧ ರೊಟ್ಟಿ ನಾನು ತಿಂದೆ, ನನ್ನ ಬುತ್ತಿಯದು ಅವಳು ತಿಂದಳು. ತಾತ ಹೋದ ಸುದ್ದಿ ಹೇಳಿದೆ. ಅವಳು, "ದಬ್ಬಿ ಹಾಕೂದಾಗ ನನ್ನ ಜಾಗಕ್ಕ ಯಾರನ್ನ ಕೂಗ್ತೀರಿ?" ಎಂದು ಕೇಳಿದಳು. ಯಾರನ್ನೂ ಇಲ್ಲ ಎಂದೆ. ಅವಳು ತಲೆಯಾಡಿಸಿ ಮತ್ತೆ ಗದ್ದೆಗೆ ಇಳಿದಳು. ಹಾಗೆ ಕದ್ದು ಕದ್ದು ನಾವಿಬ್ಬರು ಭೇಟಿಯಾಗುತ್ತಲೇ ಬಂದೆವು, ಪಂಪಾಪತಿಗೆ ಹೇಳದೆ. ದುರುಗಪ್ಪ ತೀರಿಕೊಂಡ. ಅವರ ಮನೆಯವರು ಈಗ ಬುದ್ಧನನ್ನು ನಂಬಿದವರು. ಮಕ್ಕಳು ಹೊಲ ಮಾಡಿಕೊಂಡಿದ್ದಾರೆ, ಮೊಮ್ಮಗಳು ಸುಜಾತಾ ನರ್ಸು.

ಈಗ ನನ್ನ ಮೊಮ್ಮಗಳು ಅನಿತಾಳ ಮಾತಿಗೆ ಬರುತ್ತೇನೆ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಾಳೆ. ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದವಳು ಮಲಗುವುದು ಬಿಟ್ಟು ಊರಿನ ಮುದುಕ ಮುದುಕಿಯರ ಬಾಯಿ ಬಿಡಿಸುವ ಹುಚ್ಚು ಹಿಡಿಸಿಕೊಂಡಳು. ಅವಳೂ ಅವಳ ಗೆಳೆಯರೂ ಸೇರಿ ಬೇಸಿಗೆಯಲ್ಲಿ ಮೂರು ಭಾನುವಾರ, ಒಂದೊಂದು ಓಣಿಯಲ್ಲಿ ಒಂದೊಂದು, ಊರಿನ ಬಾಯಿಮಾತಿನ ಚರಿತ್ರೆ ಕೇಳುವ ಸಭೆ ಎಂದು ಮಾಡಿದರು. ಶಾಮಿಯಾನ, ಮೈಕು, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮೊದಲ ಭಾನುವಾರ ಒಬ್ಬ ಮುದುಕಿ, ಎರಡು ಸರ್ಕಾರವಿದ್ದ ಕಾಲದಲ್ಲಿ ಸುಂಕ ತಪ್ಪಿಸಲು ತನ್ನತ್ತೆ ಏಳು ಸೀರೆ ಒಂದರ ಮೇಲೊಂದು ಸುತ್ತಿಕೊಂಡು ಪುಟ್ಟಿ ಹತ್ತಿದ್ದನ್ನು ಹೇಳಿದಳು. ಆಚೆ ದಂಡೆಯ ಕಾವಲಿನವನು ತುಂಬಿದ ಬಸುರಿ ಎಂದುಕೊಂಡು ಕೈಹಿಡಿದು ಇಳಿಸಿ ನೆರಳಲ್ಲಿ ಕೂರಿಸಿ ಮಜ್ಜಿಗೆ ಕುಡಿಸಿದನಂತೆ. ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಭಾನುವಾರ ಸೇತುವೆ ಮುಳುಗಿದ ಕತೆಗಳು. ಮೂರನೆಯದು ನಮ್ಮ ದಂಡೆಯಲ್ಲಿ, ಪುಟ್ಟಿ ಹೆಣೆಯುವುದು. ಪಂಪಾಪತಿ ಹೆಣೆಯಬೇಕು, ನಾನು ಕೂಗಬೇಕು. ಅನಿತಾ ಬಂದು ಹೇಳಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜೊತೆಗೇ ಹೊಟ್ಟೆಯಲ್ಲಿ ಒಂದು ಹಟವೂ ಹುಟ್ಟಿತು. ಗಂಗತ್ತೆಗೆ ಎಂಬತ್ತೈದು ದಾಟಿದೆ. ಕೂಗಿದರೆ ಅವಳ ಕಿವಿಗೆ ಬೀಳಬೇಕು. ಇನ್ನೊಂದು ಬೇಸಿಗೆ ಕಾಯುವಷ್ಟು ಹೊತ್ತು ನಮ್ಮಿಬ್ಬರ ಕೈಯಲ್ಲೂ ಇಲ್ಲ.

ಪಂಪಾಪತಿಯ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ಪಂಪಾ, ಭಾನುವಾರ ಹದಿನೇಳನೇದು ಕೂಗ್ತೀನಿ" ಎಂದೆ.

ಅವನು ಮಸೆಯುವುದು ನಿಲ್ಲಿಸಲಿಲ್ಲ. "ತಾತಗ ಮಾತು ಕೊಟ್ಟೀನಿ."

"ನೀ ಕೊಟ್ಟಿ. ನಾ ಕೊಟ್ಟಿಲ್ಲ. ನಂಗ ಬಾಯಿ ಮುಚ್ಚು ಅಂದಿದ್ದ, ಮುಚ್ಚೀನಿ. ಇಷ್ಟು ವರ್ಷ ಸಾಲಲಿಲ್ಲೇನು?"

"ಅಕ್ಕ, ನೀ ಕೂಗಿದ್ರ ನಾ ದಬ್ಬಿ ಕೆಳಗಿಟ್ಟು ಎದ್ದು ಬರ್ತೀನಿ. ಮಂದಿ ಮುಂದ ಮನಿ ಮರ್ಯಾದಿ ತಗೀಬ್ಯಾಡ."

"ಮರ್ಯಾದಿ ಅಂತ ಅದು ಯಾವ ಗೂಟಕ್ಕ ಕಟ್ಟೀಯೋ ತಮ್ಮ, ಅರವತ್ತು ವರ್ಷಾತು, ಮೇವು ನೀರು ಏನೂ ಕಾಣ್ದ ಸತ್ತಿರಬೇಕದು."

ಅವನ ಹೆಂಡತಿ ಒಳಗೆ ಕಿಸಕ್ಕನೆ ನಕ್ಕಳು. ಅವನಿಗೆ ಸಿಟ್ಟು ಬಂತು. ಕೊಟ್ಟ ಮಾತು ಅವನಿಗೆ ಆಟದ್ದಲ್ಲ ಎಂಬುದು ನನಗೂ ಗೊತ್ತು. ಅವನು ಕೆಟ್ಟವನಲ್ಲ, ಸಾಯುವವನ ಕೈ ಹಿಡಿದಿದ್ದ ಹುಡುಗ ಅವನು. ಎದ್ದು ಹೋದರೆ ಹೆಣೆಯಲು ಊರಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಪುಟ್ಟಿ ಅರ್ಧಕ್ಕೆ ನಿಲ್ಲುತ್ತದೆ, ಮೊಮ್ಮಗಳ ಸಭೆ ಕೆಡುತ್ತದೆ, ಗಂಗತ್ತೆಗೆ ಜನರೆದುರು ಇನ್ನೊಮ್ಮೆ ಅವಮಾನ. ಮನೆಗೆ ಬಂದು ಅನಿತಾಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಈ ಅತ್ತೆಯ ವಿಷಯವೇ ಗೊತ್ತಿರಲಿಲ್ಲ. ಎಲ್ಲ ಕೇಳಿ ಫೋನು ಕೈಗೆತ್ತಿಕೊಂಡಳು.

"ಅಜ್ಜಿ, ನಾವು ಊರಿನ ಚರಿತ್ರಿ ಕೇಳಾಕ ಕುಂತೀವಿ. ನಮ್ಮನೀದು ಬಿಟ್ಟು ಎಲ್ಲಾರ್ದೂ ಕೇಳಿದ್ರ ಅದೇನ್ ಚಂದ? ಸಭಾ ಕೆಟ್ರ ಕೆಡವಲ್ದು. ಆಕೀನ್ನ ಕರ್ಕೊಂಡು ಬಾ ಅಂತ ಸುಜಾತಾಗ ನಾನೇ ಫೋನ್ ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ದಂಡೆ ತುಂಬಿತು. ಪಾಪಿನಾಯಕನಹಳ್ಳಿಯಿಂದ ಕೂಡ ಒಂದು ಟಂಟಂ ತುಂಬ ಜನ ಬಂದಿದ್ದರು. ಸುಜಾತಾ ಆಟೋದಿಂದ ಗಂಗತ್ತೆಯನ್ನು ಇಳಿಸಿಕೊಂಡು ಬಂದಳು. ಬಿಳಿ ಸೀರೆ, ಕೈಯಲ್ಲಿ ಕೋಲು, ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಾತ್ರ ಹಳೆಯವೇ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಪಂಪಾಪತಿ ಅವಳನ್ನು ನೋಡಿದ. ಅವಳು ಹೋದಾಗ ಅವನು ಮೂರು ವರ್ಷದ ಕೂಸು, ಗುರುತು ಸಿಗುವುದು ಸಾಧ್ಯವಿರಲಿಲ್ಲ. ಆದರೂ ಸಿಕ್ಕಿತು, ನಮ್ಮಪ್ಪನ ಮೂಗು ಅವಳ ಮುಖದಲ್ಲಿ ಹಾಗೇ ಇತ್ತು. ಅವನು ಬಗ್ಗಿ ದಬ್ಬೆಗಳನ್ನು ಸುಮ್ಮನೆ ಎರಡೆರಡು ಸಲ ಜೋಡಿಸಿದ. ಅನಿತಾ ನನ್ನ ಬಾಯಿಗೆ ಮೈಕು ಹಿಡಿದಳು. ಒಂದೇ ಹೆಸರು ಕೂಗಿದೆ, ಸ್ಪೀಕರು ಕಿರ್ರ್ ಎಂದು ಊಳಿಟ್ಟಿತು, ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು.

"ತಗೀ ಅತ್ಲಾಗ" ಎಂದು ಮೈಕು ಸರಿಸಿದೆ. "ಇದಕ್ಕ ನನ್ನ ತಡಕೊಳ್ಳೋ ತಾಕತ್ತಿಲ್ಲ."

ಜನ ನಕ್ಕರು. ಕೂಗುತ್ತಾ ಹೋದೆ. ತಾತನ ತಾತ, ಅವನ ಹೆಂಡತಿ, ಅವನ ತಮ್ಮ. ಪಂಪಾಪತಿಯ ಕೈ ಸರಸರ ಓಡುತ್ತಿತ್ತು. ದಬ್ಬೆ ನೆಲಕ್ಕೆ ಬೀಳುವ ಸದ್ದು, ಹೊಳೆಯ ಸದ್ದು, ನನ್ನ ಸದ್ದು. ತಾತನ ಹೆಸರು ಕೂಗಿದೆ. ಅಪ್ಪನ ಹೆಸರು, ಅವ್ವನ ಹೆಸರು. ಹದಿನಾರು ಆಯಿತು. ಪಂಪಾಪತಿ ಹದಿನೇಳನೆಯ ದಬ್ಬೆ ಎತ್ತಿಕೊಂಡು, ನಾನು ಉಸಿರು ನುಂಗುವ ಆ ಹೊತ್ತಿಗೆ ಕಾದ. ನಾನು ನುಂಗಲಿಲ್ಲ. ಎದೆಯಿಂದ ತೆಗೆದು, ಗಂಗಮ್ಮ ಎಂದು, ಆಚೆ ದಂಡೆಯ ಬಂಡೆಗಳಿಗೆ ಬಡಿದು ವಾಪಸು ಬರುವ ಹಾಗೆ ಕೂಗಿದೆ. ಕುರ್ಚಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಪಂಪಾಪತಿ ದಬ್ಬೆಯನ್ನು ಮೆಲ್ಲಗೆ ಕೆಳಗಿಟ್ಟ, ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದ. ಏನಾಯಿತೆಂದು ಜನರಿಗೆ ತಿಳಿಯಲಿಲ್ಲ. ಅನಿತಾ ನನ್ನ ಸೆರಗು ಹಿಡಿದುಕೊಂಡಳು.

ಆಗ ಗಂಗತ್ತೆ ಕೋಲೂರಿ ಎದ್ದಳು. ಸುಜಾತಾ ಹಿಡಿಯಲು ಹೋದರೆ ಬೇಡವೆಂದು ಕೈ ಆಡಿಸಿದಳು. ನಾಲ್ಕು ಹೆಜ್ಜೆ ಬಂದು, ಮರಳಿನ ಮೇಲೆ ಮೊದಲು ಒಂದು ಕೈಯೂರಿ, ಆಮೇಲೆ ಇನ್ನೊಂದು ಕೈಯೂರಿ ಕೂತಳು. ಪಂಪಾಪತಿ ಇಟ್ಟಿದ್ದ ದಬ್ಬೆಯನ್ನು ಎತ್ತಿದಳು. ಹೆಣಿಗೆಯೊಳಗೆ ಅದನ್ನು ಒಂದರ ಕೆಳಗೆ, ಒಂದರ ಮೇಲೆ ತೂರಿಸುತ್ತಾ ಹೋದಳು. ತೂರಿಸಿದ್ದು ತಿರುವುಮುರುವಾಗಿತ್ತು. ಬಿದಿರಿನ ನುಣುಪು ಹೊರಮೈ ನೀರಿನ ಕಡೆಗೆ, ಅಂದರೆ ಕೆಳಗೆ ಬರಬೇಕು. ಅವಳು ಮೇಲೆ ಮಾಡಿ ಹಾಕಿದ್ದಳು. ಅಂಥ ಒಂದು ದಬ್ಬೆ ಇದ್ದರೆ ನೀರು ಕುಡಿದು ಉಬ್ಬಿ ಇಡೀ ಬುಡವನ್ನೇ ಎತ್ತಿಬಿಡುತ್ತದೆ. ಅರ್ಧ ಎದ್ದಿದ್ದ ಪಂಪಾಪತಿ ಹಾಗೇ ನಿಂತು ಅದನ್ನೇ ನೋಡಿದ. ತಡೆದುಕೊಂಡ, ಇನ್ನೂ ಸ್ವಲ್ಪ ತಡೆದುಕೊಂಡ. ಕಡೆಗೆ ಆಗಲಿಲ್ಲ.

"ಅತ್ತಿ" ಎಂದ. "ಹೊರಮೈ ಕೆಳಗ ಬರಬೇಕು."

"ಹೌದೇನು" ಎಂದಳು ಗಂಗತ್ತೆ. "ಕಣ್ಣು ಕಾಣಂಗಿಲ್ಲಪ್ಪ. ನೀನೇ ತಿರುವು."

ಅವನು ಕೂತ. ಅವಳು ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದು ಎಳೆದು, ಹೊರಳಿಸಿ, ಮತ್ತೆ ತೂರಿಸಿ, ಗಟ್ಟಿಯಾಗಿ ಬಡಿದು ಕೂರಿಸಿದ. ಪುಟ್ಟಿ ಹೆಣೆದು ಚರ್ಮ ಹೊಲಿಯುವವರ ಮನೆಯಲ್ಲಿ ಹುಟ್ಟಿ, ಹದ ಮಾಡುವವರ ಮನೆಯಲ್ಲಿ ಬಾಳಿದವಳಿಗೆ ಬಿದಿರಿನ ಮೈ ಯಾವುದು, ತಿರುಳು ಯಾವುದು ಎಂಬುದು ಬೆರಳಿಗೇ ತಿಳಿಯುತ್ತದೆ, ಕಣ್ಣು ಬೇಕಿಲ್ಲ. ಬೇಕೆಂದೇ ಹಾಗೆ ಹಾಕಿದೆಯಾ ಎಂದು ನಾನು ಆಮೇಲೆ ಕೇಳಿದೆ. ಅವಳು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಪಂಪಾಪತಿ ಮುಂದಿನ ದಬ್ಬೆ ಎತ್ತಿಕೊಂಡು ನನ್ನ ಕಡೆ ಮುಖ ಮಾಡಿ, "ಏನ್ ನೋಡ್ತಿ ಅಕ್ಕ, ಕೂಗು" ಎಂದ. ಸೆರಗಿನಿಂದ ಮುಖ ಒರೆಸಿಕೊಂಡು ಹದಿನೆಂಟು ಕೂಗಿದೆ.

ಇಪ್ಪತ್ನಾಲ್ಕು ಮುಗಿದು, ಬುಡ ಕೂತು, ಜನ ಮಿರ್ಚಿ ತಿನ್ನಲು ಎದ್ದಾಗ ಪಂಪಾಪತಿ ಅಲ್ಲೇ ಕೂತು ಬೆವರು ಒರೆಸಿಕೊಂಡ. ಗಂಗತ್ತೆಗೆ ತಾನೇ ಹೋಗಿ ಚಹಾ ತಂದ. ಕೈಗೆ ಕೈ ತಾಗಿಸಿ ಲೋಟ ಕೊಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ತಾತನಿಗೆ ಕೊಟ್ಟ ಮಾತಿನ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ. ಅವನು ಕೇಳಿದ್ದೇ ಬೇರೆ.

"ಅತ್ತಿ, ನಿಮ್ಮ ಮನಿಯಾಗ ಎಷ್ಟು ಮಂದಿ ಅದೀರಿ?"

"ನಾನೂ ಕೂಡಿ ಹನ್ನೊಂದು" ಎಂದಳು. ಚಹಾ ಒಂದು ಗುಟುಕು ಕುಡಿದು, ಅವನ ಮುಖ ನೋಡದೆ ಹೇಳಿದಳು, "ದುರುಗಪ್ಪನ್ನ ಹಿಡಿದ್ರ ಹನ್ನೆರಡು."

ಪಂಪಾಪತಿ ಹೆಣೆದ ಬುಡದ ಕಡೆ ತಿರುಗಿ ದಬ್ಬೆಗಳ ಮೇಲೆ ಕೈಯಾಡಿಸಿದ. ಅವನು ಎದ್ದು ಹೋಗಿಬಿಡುತ್ತಾನೇನೋ ಎಂದು ನನಗೆ ಮತ್ತೊಮ್ಮೆ ಭಯವಾಯಿತು.

"ಹನ್ನೆರಡು ಅಂದ್ರ ಈ ಪುಟ್ಟಿ ಸಾಲಂಗಿಲ್ಲ" ಎಂದ ಕಡೆಗೆ. "ಹಿರಿಯಾರನ್ನ ತಗಿಯೋದು ಬ್ಯಾಡ. ಇನ್ನೊಂದು ಹೆಣಿಯಾಣ, ಇದಕ್ಕಿಂತ ದೊಡ್ಡದು. ಅಕ್ಕ, ನೀ ಅವರ ಹೆಸರೆಲ್ಲ ಬಾಯಿಪಾಠ ಮಾಡ್ಕ."

ಸುಜಾತಾ ಹೇಳಿಕೊಡತೊಡಗಿದಳು, ನಾನು ಕೂಗಿ ಕೂಗಿ ಕಲಿಯತೊಡಗಿದೆ. ಮೊದಲ ಹೆಸರು ದುರುಗಪ್ಪನದು. ಪಂಪಾಪತಿ ಒಂದು ಕೋಲು ತೆಗೆದುಕೊಂಡು ಹೊಸ ಪುಟ್ಟಿಯ ಅಳತೆಗೆ ಮರಳಿನ ಮೇಲೆ ಗೆರೆ ಎಳೆಯುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟ. ಗೆರೆ ಸಭೆಯವರ ಕಾಲಿನ ತನಕ ಬಂತು. ತಿನ್ನುತ್ತಿದ್ದವರು ತಟ್ಟೆ ಒಂದು ಕೈಯಲ್ಲಿ, ಕುರ್ಚಿ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದು ಜಾಗ ಬಿಟ್ಟರು.